ಆಪರೇಷನ್ ಆದ ಮೇಲೆ ಎಷ್ಟು ಆರಾಮ?

ಅಂಜನಾದ್ರಿಯ ತಪ್ಪಲಿನ ಹನುಮನಹಳ್ಳಿಯಲ್ಲಿ ಭತ್ತ, ಬಾಳೆ ಬೆಳೆಯುವ ಹಿರಿಯರೊಬ್ಬರಿಗೆ ಪ್ರೋಸ್ಟೇಟ್ ಗ್ರಂಥಿಯ ಆಪರೇಷನ್ ಆಗಬೇಕೆಂದು ಹೇಳಿದ್ದಾರೆ. ಅವರ ನೆಂಟರಲ್ಲಿ ಒಬ್ಬರು ಮೂತ್ರರೋಗಗಳ ಶಸ್ತ್ರವೈದ್ಯರಾಗಿ ದುಡಿದು ನಿವೃತ್ತರಾದವರು. ಇಬ್ಬರ ನಡುವಿನ ಮಾತು ಇದು.

— ಸ್ಕ್ಯಾನಿಂಗ್‌ನ್ಯಾಗ 62 ಗ್ರಾಂ ಅಂತ ಬಂದೈತ್ರಿ. ಹರೇದ ಹುಡುಗರಿಗೆ 20 ಇರ್ತೈತಂತ. ಮೂರು ಪಟ್ಟು ಬೆಳದೈತಿ. ಅಷ್ಟು ದೊಡ್ಡದನ್ನ ತಗದರ ಅಷ್ಟೇ ದೊಡ್ಡ ಆರಾಮ ಸಿಗಬೇಕಲ್ಲ?

— ಎಲ್ಲರೂ ಮೊದಲು ಕೇಳುವುದು ಇದನ್ನೇ. ಆದರೆ ಗ್ರಂಥಿಯ ತೂಕಕ್ಕೂ ತೊಂದರೆಗೂ ಅಂಥ ನೇರ ನಂಟಿಲ್ಲ. 100 ಗ್ರಾಂ ಗ್ರಂಥಿ ಇಟ್ಟುಕೊಂಡು ನೆಮ್ಮದಿಯಾಗಿ ಮಲಗುವವರಿದ್ದಾರೆ. 30 ಗ್ರಾಂ ಇದ್ದೂ ಮೂತ್ರ ಕಟ್ಟಿ ನಡುರಾತ್ರಿ ಆಸ್ಪತ್ರೆಗೆ ಬಂದವರನ್ನೂ ನೋಡಿದ್ದೇನೆ. ಮೂತ್ರಚೀಲದ ಬಾಯಿಗೆ ಅಂಟಿಕೊಂಡು, ಮೂತ್ರನಾಳವನ್ನು ಸುತ್ತುವರಿದು ಈ ಗ್ರಂಥಿ ಕೂತಿದೆ. ಹೊರಮುಖವಾಗಿ ಬೆಳೆದರೆ ನಾಳಕ್ಕೆ ಏನೂ ಆಗದೆ ಇರಬಹುದು. ಒಳಮುಖವಾಗಿ ಬೆಳೆದರೆ ಸ್ವಲ್ಪ ಬೆಳೆದರೂ ದಾರಿ ಕಟ್ಟುತ್ತದೆ. ಯಾವ ಬಗೆಯ ಆಪರೇಷನ್ ಮಾಡಬೇಕು ಎಂದು ತೀರ್ಮಾನಿಸಲು ತೂಕ ಬೇಕು. ಆಮೇಲೆ ನಿಮಗೆ ಎಷ್ಟು ಆರಾಮವಾಗುತ್ತದೆ ಎಂಬುದನ್ನು ಅದೊಂದೇ ಹೇಳಲಾರದು.

— ಹಂಗಾರ ಯಾವುದು ಹೇಳ್ತೈತಿ?

— ನಿಮ್ಮ ಗದ್ದೆಗೆ ಪಂಪ್‌ಸೆಟ್ಟಿನ ನೀರು ಸಣ್ಣಗೆ ಬರತೊಡಗಿದರೆ ಏನು ಮಾಡುತ್ತೀರಿ?

— ಪೈಪಿನ್ಯಾಗ ಏನರ ಸಿಕ್ಕೊಂಡೈತೇನು ನೋಡ್ತೀನಿ. ಪೈಪು ಚಲೋ ಇದ್ರ ಮೋಟರಿಗೆ ಶಕ್ತಿ ಸಾಲವಲ್ದು ಅಂತ ಮೆಕಾನಿಕ್ಕನ್ನ ಕರೀತೀನಿ.

— ಪೈಪಿನ ತುದಿಯಲ್ಲಿ ಬೀಳುವ ನೀರನ್ನಷ್ಟೇ ನೋಡಿ ಕೆಟ್ಟದ್ದು ಪೈಪೋ ಮೋಟಾರೋ ಎಂದು ಹೇಳಬಲ್ಲಿರಾ?

— ಹೆಂಗ ಬರ್ತೈತ್ರಿ? ಎರಡರಾಗ ಯಾವುದು ಕೆಟ್ಟರೂ ಸಣ್ಣ ನೀರೇ ಬರೋದು.

— ನಾವು ಮಾಡುವ ಆಪರೇಷನ್ ಪೈಪನ್ನು ಮಾತ್ರ ಸರಿ ಮಾಡುತ್ತದೆ. ಮೂತ್ರಚೀಲದ ಸ್ನಾಯು ಇದ್ದಂತೆಯೇ ಇರುತ್ತದೆ. ದಾರಿ ಕಟ್ಟಿದ್ದು, ಚೀಲ ಗಟ್ಟಿಯಿದ್ದರೆ ಫಲಿತಾಂಶ ಬಹಳ ಚೆನ್ನಾಗಿರುತ್ತದೆ. ದಾರಿ ಸುಮಾರಾಗಿ ತೆರೆದೇ ಇದ್ದು, ಚೀಲ ಸೋತಿದ್ದರೆ ಎಷ್ಟು ಅಚ್ಚುಕಟ್ಟಾಗಿ ಗ್ರಂಥಿ ಕೆತ್ತಿದರೂ ಮೂತ್ರ ಮೊದಲಿನಂತೆ ಬರುವುದಿಲ್ಲ. ಆಪರೇಷನ್ ಫೇಲಾಯಿತು ಎಂದು ಜನ ಅನ್ನುವುದರಲ್ಲಿ ಬಹಳಷ್ಟು ಇಂಥವೇ. ವೈದ್ಯರ ಕೈ ತಪ್ಪಿರುವುದಿಲ್ಲ, ಮೊದಲೇ ನೋಡಬೇಕಾದ್ದನ್ನು ನೋಡಿರುವುದಿಲ್ಲ.

— ಅದನ್ನ ನೋಡೋದಾದ್ರೂ ಹೆಂಗ?

— ಮೊದಲನೆಯದು ಸರಳ ಪರೀಕ್ಷೆ. ಯಂತ್ರಕ್ಕೆ ಜೋಡಿಸಿದ ಪಾತ್ರೆಯೊಳಗೆ ಮೂತ್ರ ಮಾಡುತ್ತೀರಿ, ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಬಂತು ಎಂದು ಅದು ಗೆರೆ ಬರೆಯುತ್ತದೆ. ಕನಿಷ್ಠ 150 ಮಿಲಿಲೀಟರ್ ಮಾಡಿದರೆ ಮಾತ್ರ ಆ ಗೆರೆಯನ್ನು ನಂಬಬಹುದು. ಗರಿಷ್ಠ ಹರಿವು 15 ದಾಟಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 10ಕ್ಕಿಂತ ಕೆಳಗಿದ್ದರೆ ದಾರಿಯಲ್ಲಿ ಅಡ್ಡಿಯಿರುವ ಸಾಧ್ಯತೆ ಹೆಚ್ಚು. ಆದರೆ ನೀವೇ ಹೇಳಿದಿರಲ್ಲ, ತುದಿಯ ನೀರು ನೋಡಿ ಕಾರಣ ಹೇಳಲಾಗದು ಎಂದು. ಅನುಮಾನ ಬಂದಾಗ ಎರಡನೆಯ ಪರೀಕ್ಷೆ ಬೇಕು. ಮೂತ್ರಚೀಲದೊಳಕ್ಕೆ ತೆಳ್ಳನೆಯ ನಳಿಗೆ ಹೋಗಿಸಿ, ನೀವು ಮೂತ್ರ ಮಾಡುತ್ತಿರುವಾಗಲೇ ಒಳಗಿನ ಒತ್ತಡ ಅಳೆಯುತ್ತಾರೆ. ಅದಕ್ಕೆ ಯೂರೋಡೈನಮಿಕ್ಸ್ ಎನ್ನುತ್ತಾರೆ.

— ಒತ್ತಡ ತಿಳದು ಏನು ಮಾಡ್ತಾರ?

— ಲೆಕ್ಕ ಬಹಳ ಸುಲಭ, ಕೇಳಿ. ಇಬ್ಬರು ಬಂದಿದ್ದಾರೆ. ಇಬ್ಬರ ಹರಿವೂ ಸೆಕೆಂಡಿಗೆ 6. ಹೊರಗಿನಿಂದ ನೋಡಿದರೆ ಇಬ್ಬರದೂ ಒಂದೇ ಕಾಯಿಲೆ. ಮೊದಲನೆಯವರ ಚೀಲದ ಸ್ನಾಯು ಹಾಕುತ್ತಿರುವ ಒತ್ತಡ 80, ಎರಡನೆಯವರದು 25. ಒತ್ತಡದಲ್ಲಿ ಹರಿವಿನ ಎರಡು ಪಟ್ಟು ಕಳೆಯಬೇಕು. ಮೊದಲನೆಯವರಿಗೆ 80ರಲ್ಲಿ 12 ಹೋಗಿ 68 ಉಳಿಯಿತು. 40 ದಾಟಿದರೆ ಅಡ್ಡಿ ಖಚಿತ. ಎರಡನೆಯವರಿಗೆ 25ರಲ್ಲಿ 12 ಹೋಗಿ 13. ಅದು 20ಕ್ಕಿಂತ ಕಡಿಮೆ, ಅಂದರೆ ಅಡ್ಡಿ ಇಲ್ಲ. ಈಗ ಅದೇ ಒತ್ತಡಕ್ಕೆ ಹರಿವಿನ ಐದು ಪಟ್ಟು ಕೂಡಿಸಿ. ಮೊದಲನೆಯವರದು 110, ಎರಡನೆಯವರದು 55. 100ರಿಂದ 150ರ ನಡುವೆ ಇದ್ದರೆ ಚೀಲದ ಶಕ್ತಿ ಸರಿಯಾಗಿದೆ, 100ಕ್ಕಿಂತ ಕೆಳಗಿದ್ದರೆ ಸೋತಿದೆ. ಮೊದಲನೆಯವರಿಗೆ ಧೈರ್ಯವಾಗಿ ಆಪರೇಷನ್ ಮಾಡಬಹುದು. ಎರಡನೆಯವರನ್ನು ಕೂರಿಸಿಕೊಂಡು, ನಿಮಗೆ ಇದರಿಂದ ಹೆಚ್ಚು ಉಪಯೋಗವಾಗದೆ ಇರಬಹುದು ಎಂದು ಬಿಡಿಸಿ ಹೇಳಬೇಕು. ಇಬ್ಬರ ಸ್ಕ್ಯಾನಿಂಗ್ ವರದಿಯಲ್ಲೂ 62 ಗ್ರಾಂ ಎಂದೇ ಬರೆದಿರಬಹುದು, ನೆನಪಿರಲಿ.

— ಅಂದ್ರ ನನಗೂ ಈ ನಳಿ ಪರೀಕ್ಷೆ ಆಗಲೇಬೇಕು.

— ಎಲ್ಲರಿಗೂ ಬೇಕಿಲ್ಲ. ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಯನ್ನು 26 ಆಸ್ಪತ್ರೆಗಳು ಸೇರಿ ಪರೀಕ್ಷಿಸಿದವು. 820 ಗಂಡಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಈ ಪರೀಕ್ಷೆ ಸೇರಿಸಿದರು. 2020ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಆಪರೇಷನ್‌ಗಳ ಸಂಖ್ಯೆ ಇಳಿಯಲಿಲ್ಲ, ತೊಂದರೆಯೂ ಉಳಿದವರಿಗಿಂತ ಹೆಚ್ಚಾಗಿ ತಗ್ಗಲಿಲ್ಲ. ಹಾಗಾಗಿ ಕಂಡಕಂಡವರಿಗೆಲ್ಲ ಮಾಡುವುದು ದಂಡ. ಆದರೆ ಹಳೆಯ ಶುಗರ್ ಇರುವವರಿಗೆ, ಪಾರ್ಕಿನ್ಸನ್ ಅಥವಾ ಬೆನ್ನುಹುರಿಯ ತೊಂದರೆ ಇರುವವರಿಗೆ, 80 ವರ್ಷ ದಾಟಿದವರಿಗೆ, ಬಹಳಷ್ಟು ಮೂತ್ರ ಚೀಲದಲ್ಲೇ ಉಳಿಯುವವರಿಗೆ ಮಾಡಿಸಬೇಕು ಎಂದೇ ನನ್ನ ಮತ. ಅಂಥವರನ್ನು ಪರೀಕ್ಷೆಯಿಲ್ಲದೆ ಟೇಬಲ್ ಮೇಲೆ ಮಲಗಿಸುವುದನ್ನು ನಾನು ಒಪ್ಪುವುದಿಲ್ಲ. ನಿಮಗೆ ಶುಗರ್ ಇದೆಯೇ?

— ಇಲ್ಲ. ಬಿ.ಪಿ. ಗುಳಿಗಿ ಒಂದು ನುಂಗ್ತೀನಿ. ಉಚ್ಚಿ ಮಾಡಿದ ಮ್ಯಾಲ 120 ಉಳದೈತಿ ಅಂತ ಸ್ಕ್ಯಾನಿಂಗಿನಾಗ ಬರದಾರ.

— ಅಷ್ಟೇನೂ ಹೆಚ್ಚಲ್ಲ. ಇನ್ನು ಯಂತ್ರವೇ ಬೇಡದ ಪರೀಕ್ಷೆಗೆ ಬರೋಣ. ಅಮೆರಿಕದ ಮೈಕೆಲ್ ಬ್ಯಾರಿ ಮತ್ತು ಸಂಗಡಿಗರು 1992ರಲ್ಲಿ ಏಳು ಪ್ರಶ್ನೆಗಳನ್ನು ಗೊತ್ತುಮಾಡಿದರು. ಈಗ ಲೋಕದ ಎಲ್ಲ ಕಡೆ ಅವನ್ನೇ ಕೇಳುತ್ತಾರೆ. ಒಂದೊಂದಕ್ಕೂ ಸೊನ್ನೆಯಿಂದ 5ರವರೆಗೆ ಅಂಕ. ಕಳೆದ ಒಂದು ತಿಂಗಳು ಮನಸ್ಸಿನಲ್ಲಿಟ್ಟುಕೊಂಡು ಹೇಳಿ. ಮೂತ್ರ ಮಾಡಿದ ಮೇಲೂ ಇನ್ನೂ ಒಳಗೆ ಉಳಿದಿದೆ ಅನ್ನಿಸುತ್ತದೆಯೇ?

— ಬಹಳ ಸಲ ಅನಸ್ತೈತಿ.

— 4. ನಡುವೆ ನಿಂತು ನಿಂತು ಬರುತ್ತದೆಯೇ? ಧಾರೆ ಸಣ್ಣಗಾಗಿದೆಯೇ? ಮುಕ್ಕಬೇಕಾಗುತ್ತದೆಯೇ?

— ನಿಂತು ನಿಂತೇ ಬರೋದು. ಧಾರಿ ಅನ್ನೋದೇ ಇಲ್ಲ ಬಿಡ್ರಿ, ಪಾದದ ಮ್ಯಾಲ ಬೀಳ್ತೈತಿ. ಮುಕ್ಕೋದು ಅರ್ಧ ಸಲ.

— 4, 5, 3. ಎರಡು ತಾಸಿನೊಳಗೆ ಮತ್ತೆ ಹೋಗಬೇಕೆನ್ನಿಸುವುದು? ತಡೆದುಕೊಳ್ಳಲಾಗದೆ ಓಡುವುದು?

— ಅವೆರಡೂ ಅರ್ಧಕ್ಕಿಂತ ಕಡಿಮಿ ಸಲ. ರಾತ್ರಿ ಮಾತ್ರ ನಾಕು ಸಲ ಏಳ್ತೀನಿ.

— 2, 2, 4. ಒಟ್ಟು 24. 7ರ ತನಕ ಸೌಮ್ಯ, 19ರ ತನಕ ಮಧ್ಯಮ, 20ರಿಂದ 35ರವರೆಗೆ ತೀವ್ರ. ನಿಮ್ಮದು ತೀವ್ರ. ಒಟ್ಟು ಅಂಕಕ್ಕಿಂತ ಅದು ಎಲ್ಲಿಂದ ಬಂತು ಎಂಬುದು ನನಗೆ ಮುಖ್ಯ. 24ರಲ್ಲಿ 16 ಬಂದದ್ದು ಮೂತ್ರ ಹೊರಬರಲು ಆಗುತ್ತಿರುವ ಕಷ್ಟದಿಂದ. ಆಪರೇಷನ್ನಿಗೆ ಚೆನ್ನಾಗಿ ಬಗ್ಗುವುದು ಇದೇ. ಅವಸರ, ಮೇಲಿಂದ ಮೇಲೆ ಹೋಗುವುದು, ರಾತ್ರಿ ಏಳುವುದು ಇವು ಚೀಲಕ್ಕೆ ಹಿಡಿದಿಟ್ಟುಕೊಳ್ಳಲು ಆಗದ್ದರಿಂದ ಬರುವ ತೊಂದರೆಗಳು. ಇವು ನಿಧಾನವಾಗಿ ಕಡಿಮೆಯಾಗುತ್ತವೆ, ಕೆಲವರಲ್ಲಿ ಉಳಿದೇ ಬಿಡುತ್ತವೆ. ಮೂತ್ರನಾಳದ ಮೂಲಕವೇ ಗ್ರಂಥಿ ಕೆತ್ತುವ ಟಿ.ಯು.ಆರ್.ಪಿ. ಆದವರ ಅಂಕ ಸರಾಸರಿ 70% ಇಳಿಯುತ್ತದೆ, ಹರಿವು ಎರಡೂವರೆ ಪಟ್ಟಾಗುತ್ತದೆ. ಸರಾಸರಿ ಅಂದರೆ ಎಲ್ಲರಿಗೂ ಅಷ್ಟೇ ಎಂದಲ್ಲ. ನಿಮ್ಮ 24 ಏಳೆಂಟಕ್ಕೆ ಇಳಿದೀತು ಎಂದು ನಾನು ನಿರೀಕ್ಷಿಸುತ್ತೇನೆ. ಮಾತು ಕೊಡಲಾರೆ.

— ರಾತ್ರಿ ಏಳೋದೇ ನನಗ ದೊಡ್ಡ ತ್ರಾಸು. ಅದು ಹೋಗದಿದ್ರ ಯಾಕ ಮಾಡಿಸ್ಕೋಬೇಕು?

— ಇದನ್ನು ಕೇಳಿದ್ದು ಒಳ್ಳೆಯದಾಯಿತು. ರಾತ್ರಿ ಏಳುವುದಕ್ಕೆ ಗ್ರಂಥಿಯೊಂದೇ ಕಾರಣವಲ್ಲ. ವಯಸ್ಸಾದ ಮೇಲೆ ಹಲವರಲ್ಲಿ ದೇಹವೇ ರಾತ್ರಿ ಹೆಚ್ಚು ಮೂತ್ರ ತಯಾರಿಸುತ್ತದೆ. ಸಂಜೆ ಕಾಲು ಬಾತಿದ್ದರೆ ಆ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ, ಮೂತ್ರವಾಗಿ ಇಳಿಯುತ್ತದೆ. ಹೃದಯದ ತೊಂದರೆ, ಗೊರಕೆಯ ನಡುವೆ ಉಸಿರು ನಿಲ್ಲುವುದು, ಸಂಜೆಯ ನಂತರ ಕುಡಿದ ಚಹಾ ಎಲ್ಲವೂ ಸೇರಬಹುದು. ಒಂದು ಅಳತೆಯ ಪ್ಲಾಸ್ಟಿಕ್ ಜಗ್ ತಂದುಕೊಳ್ಳಿ. ಮೂರು ದಿನ, ಹೋದಾಗಲೆಲ್ಲ ಎಷ್ಟಾಯಿತು, ಎಷ್ಟು ಹೊತ್ತಿಗೆ ಎಂದು ಬರೆದಿಡಿ. ಏನು ಕುಡಿದಿರಿ ಎಂಬುದನ್ನೂ ಬರೆಯಿರಿ. ದಿನಕ್ಕೆ 1,800 ಮಿಲಿಲೀಟರ್ ಆಗಿ, ಅದರಲ್ಲಿ 700 ನಿದ್ದೆಯ ಹೊತ್ತಿನದಾದರೆ ಮೂರರಲ್ಲಿ ಒಂದು ಪಾಲು ಮೀರಿತು. ಆಗ ಯಾವ ಆಪರೇಷನ್ ಮಾಡಿದರೂ ನೀವು ರಾತ್ರಿ ಏಳುತ್ತೀರಿ, ಮದ್ದು ಬೇರೆ ಕಡೆ ಹುಡುಕಬೇಕು. ಒಂದೊಂದು ಸಲಕ್ಕೂ 100, 120 ಮಾತ್ರ ಬರುತ್ತಿದ್ದು ಒಟ್ಟು ಮೊತ್ತ ಕಡಿಮೆಯಿದ್ದರೆ ದೋಷ ಚೀಲದ್ದೋ ದಾರಿಯದ್ದೋ ಆಗಿರುತ್ತದೆ. ಐವತ್ತು ರೂಪಾಯಿಯ ಜಗ್ಗು ಹೇಳುವಷ್ಟನ್ನು ಎಷ್ಟೋ ಸಲ ಸ್ಕ್ಯಾನಿಂಗ್ ಹೇಳುವುದಿಲ್ಲ.

— ಇಷ್ಟೆಲ್ಲಾ ಬರದು ಒಯ್ದರ ಡಾಕ್ಟರು ನೋಡ್ತಾರೇನ್ರಿ?

— ನೋಡಲೇಬೇಕು. ನೀವೂ ಬಿಡಬಾರದು. ಆ ಏಳು ಪ್ರಶ್ನೆಗಳ ಕೊನೆಗೆ ಎಂಟನೆಯದೊಂದಿದೆ. ಉಳಿದ ಆಯುಸ್ಸೆಲ್ಲ ಈಗಿರುವ ಹಾಗೆಯೇ ಮೂತ್ರ ಮಾಡಿಕೊಂಡು ಇರಬೇಕು ಎಂದರೆ ನಿಮಗೆ ಹೇಗನ್ನಿಸುತ್ತದೆ, ಎಂದು. ಅದರ ಅಂಕವನ್ನು 24ರ ಜೊತೆ ಕೂಡಿಸುವುದಿಲ್ಲ, ಬೇರೆಯೇ ಇಡುತ್ತಾರೆ. ನನಗೆ ಅತಿ ಬೆಲೆಯುಳ್ಳ ಪ್ರಶ್ನೆ ಅದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಮಧ್ಯಮ ತೊಂದರೆಯ 556 ಗಂಡಸರನ್ನು ಸೇರಿಸಿ ನಡೆಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಆಪರೇಷನ್, ಅರ್ಧ ಜನಕ್ಕೆ ಕಾದು ನೋಡುವುದು. ಆಪರೇಷನ್ ಆದವರು ಒಟ್ಟಾರೆ ಹೆಚ್ಚು ಸುಧಾರಿಸಿದರು. ಅವರಲ್ಲೂ ಅತಿ ಹೆಚ್ಚು ಲಾಭವಾದದ್ದು, ಮೊದಲೇ ತಮ್ಮ ತೊಂದರೆಯಿಂದ ತುಂಬ ಬೇಸತ್ತಿದ್ದವರಿಗೆ. ಅಷ್ಟೇನೂ ಬೇಸರವಿಲ್ಲದವರಿಗೆ ಸಿಕ್ಕ ಲಾಭ ಕಡಿಮೆ. ಬೇಸರ ಎಷ್ಟಿದೆ ಎಂದು ರೋಗಿಯಲ್ಲದೆ ಬೇರೆ ಯಾರು ಹೇಳಬಲ್ಲರು?

— ನನಗ ಸಾಕಾಗೈತ್ರಿ. ಗಂಗಾವತಿ ಸಂತಿಗೆ ಬಸ್ಸು ಹತ್ತಾಕ ಹೆದರ್ತೀನಿ. ಮದುವಿ ಮನ್ಯಾಗ ಪಂಕ್ತಿ ನಡುವ ಕುಂದ್ರಂಗಿಲ್ಲ, ತುದಿಗೆ ಕುಂದರ್ತೀನಿ. ರಾತ್ರಿ ನೀರು ಬಿಡಾಕ ಗದ್ದಿಗೆ ಹೋದ್ರ ಬದುವಿನ ಮ್ಯಾಲೇ ಅರ್ಧ ತಾಸು ನಿಂತಿರ್ತೀನಿ.

— ಎಷ್ಟು ವರ್ಷದಿಂದ?

— ನಾಕೈದು ವರ್ಷ ಆತು. ವಯಸ್ಸಾದ ಮ್ಯಾಲ ಎಲ್ಲರಿಗೂ ಹಿಂಗs ಅಂತ ಸುಮ್ಮನಿದ್ದೆ. ಇದನ್ನೆಲ್ಲ ಯಾರ ಮುಂದ ಹೇಳೋದು?

— ನನಗೆ ಸಂಕಟವಾಗುವುದು ಇಲ್ಲೇ. ಅರವತ್ತು ದಾಟಿದ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ಗ್ರಂಥಿ ಬೆಳೆದಿರುತ್ತದೆ. ಅದರಲ್ಲಿ ನಾಚುವಂಥದ್ದು ಏನಿದೆ? ಪ್ರತಿ ರಾತ್ರಿ ಎದ್ದು ಲೈಟು ಹಾಕುವ ಹೆಂಡತಿಗೆ ಮೊದಲು ಗೊತ್ತಿರುತ್ತದೆ. ಮಗನಿಗೆ ಹೇಳುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಅಷ್ಟೂ ಕಾಲ ಕಟ್ಟಿದ ದಾರಿಯ ಎದುರು ತಿಣುಕುತ್ತ ಚೀಲದ ಗೋಡೆ ದಪ್ಪಗಾಗುತ್ತದೆ, ಆಮೇಲೆ ಹಿಗ್ಗುತ್ತದೆ, ಕೊನೆಗೆ ಕೈಬಿಡುತ್ತದೆ. ನೋವೇ ಇಲ್ಲದೆ ಒಂದು ಲೀಟರ್ ಮೂತ್ರ ಚೀಲದಲ್ಲಿ ನಿಂತಿರುವವರಿದ್ದಾರೆ. ಮುದುಕರು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡರೆ ಮನೆಯವರು ಮುಪ್ಪು ಎಂದುಕೊಳ್ಳುತ್ತಾರೆ. ಅದು ಎಷ್ಟೋ ಸಲ ತುಂಬಿ ತುಳುಕುತ್ತಿರುವ ಚೀಲ. ಒತ್ತಡ ಹಿಂದಕ್ಕೆ ಹೋಗಿ ಮೂತ್ರಪಿಂಡ ಕೆಡುತ್ತಿರುತ್ತದೆ, ರಕ್ತದಲ್ಲಿ ಕ್ರಿಯಾಟಿನಿನ್ ಏರಿರುತ್ತದೆ. ಆ ಹಂತದಲ್ಲಿ ಬಂದವರಿಗೆ ಆಪರೇಷನ್ ಮಾಡುವುದು ಮೂತ್ರಪಿಂಡ ಉಳಿಸಲಿಕ್ಕೆ. ಚೆನ್ನಾಗಿ ಮೂತ್ರ ಮಾಡುತ್ತೀರಿ ಎಂದು ಆಗ ಭರವಸೆ ಕೊಡಲಾಗುವುದಿಲ್ಲ.

— ನಮ್ಮ ಓಣ್ಯಾಗ ಒಬ್ಬರಿಗೆ ಪೈಪ್ ಹಾಕಿ ಕಳಿಸ್ಯಾರ. ಆರು ತಿಂಗಳಾತು, ಚೀಲ ಕಾಲಿಗೆ ಕಟಗೊಂಡs ಅಡ್ಡಾಡ್ತಾರ. ಅವರಿಗೂ ಆರಾಮ ಆಗ್ತೈತೇನು?

— ಅವರನ್ನು ನೋಡದೆ ಹೇಳಲಾರೆ. ಒಮ್ಮೆಲೇ ನೋವಿನಿಂದ ಕಟ್ಟಿತ್ತೋ, ನೋವಿಲ್ಲದೆ ನಿಧಾನವಾಗಿ ತುಂಬಿತ್ತೋ ಎಂದು ಕೇಳಬೇಕು. ಒಮ್ಮೆಲೇ ಕಟ್ಟಿದ್ದಾದರೆ ಚೀಲಕ್ಕೆ ಜೀವ ಇದೆ ಎಂದು ಸಾಮಾನ್ಯವಾಗಿ ನಂಬಬಹುದು. 1997ರಲ್ಲಿ ವಿಯೆನ್ನಾದ ವೈದ್ಯರು ಮೂತ್ರ ಕಟ್ಟಿ ಬಂದವರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಆಪರೇಷನ್ ಆದ ಮೇಲೂ ಮೂತ್ರ ಮಾಡಲಾಗದೆ ಉಳಿಯುವ ಅಪಾಯ ಕಂಡದ್ದು 80 ದಾಟಿದ ವಯಸ್ಸಿನಲ್ಲಿ, ಕಟ್ಟಿದಾಗ ಒಂದೂವರೆ ಲೀಟರಿಗಿಂತ ಹೆಚ್ಚು ನಿಂತಿದ್ದವರಲ್ಲಿ, ಸ್ನಾಯುವಿನ ಒತ್ತಡ ತೀರ ಕೆಳಗಿದ್ದವರಲ್ಲಿ. ಪೈಪ್ ಹಾಕಿದ ದಿನ ಎಷ್ಟು ಮೂತ್ರ ಬಂತು ಎಂದು ಅವರ ಆಸ್ಪತ್ರೆಯ ಚೀಟಿಯಲ್ಲಿ ಬರೆದಿರಬಹುದು. ಆ ಚೀಟಿಯನ್ನು ಹುಡುಕಿಸಿ ತೆಗೆಸಿ. ಆರು ತಿಂಗಳು ಯಾರೂ ತಿರುಗಿ ನೋಡದೆ ಬಿಟ್ಟದ್ದು ಮಾತ್ರ ಸರಿಯಲ್ಲ.

— ಈ ಆಪರೇಷನ್ ಜೀವಕ್ಕ ಅಪಾಯ ಅಂತಾರಲ್ಲ?

— ಒಂದು ಕಾಲಕ್ಕೆ ಹೌದು. ಪೀಟರ್ ಫ್ರೇಯರ್ ಎಂಬ ಐರ್ಲೆಂಡಿನ ಶಸ್ತ್ರವೈದ್ಯರು ಸುಮಾರು 20 ವರ್ಷ ನಮ್ಮ ದೇಶದಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದು ಮೂತ್ರಚೀಲದ ಕಲ್ಲುಗಳನ್ನು ತೆಗೆದು ಹೆಸರಾದವರು. ಲಂಡನ್ನಿಗೆ ಮರಳಿ, ಹೊಟ್ಟೆ ಕೊಯ್ದು ಚೀಲದ ಮೂಲಕ ಗ್ರಂಥಿ ತೆಗೆಯುವ ವಿಧಾನವನ್ನು 1901ರಲ್ಲಿ ಪ್ರಕಟಿಸಿದರು. ಆಗ ಮನೆಯವರು ಕೇಳುತ್ತಿದ್ದದ್ದು ಬದುಕುತ್ತಾರೋ ಇಲ್ಲವೋ ಎಂದು. ಈಗ ಸಾವಿನ ಪ್ರಮಾಣ 1%ಕ್ಕಿಂತ ಬಹಳ ಕೆಳಗಿದೆ. ಹಾಗಾಗಿಯೇ ಈಗಿನ ಪ್ರಶ್ನೆ ಬೇರೆ: ಇದರಿಂದ ಬಾಳು ಎಷ್ಟು ಹಸನಾಗುತ್ತದೆ? ಇದಕ್ಕೆ ಉತ್ತರ ಹೇಳುವುದನ್ನು ವೈದ್ಯಲೋಕ ತಡವಾಗಿ ಕಲಿಯಿತು. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಜಾನ್ ವೆನ್‌ಬರ್ಗ್ ಎಂಬವರು ಲೆಕ್ಕ ತೆಗೆದಾಗ, ಅಕ್ಕಪಕ್ಕದ ಪಟ್ಟಣಗಳಲ್ಲೇ ಈ ಆಪರೇಷನ್ನಿನ ಪ್ರಮಾಣ ಅಜಗಜಾಂತರವಾಗಿತ್ತು. ಜನರ ರೋಗದಲ್ಲಿ ಅಷ್ಟು ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ವೈದ್ಯರ ಒಲವಿನಲ್ಲಿ. ರೋಗಿಗೆ ಲಾಭ, ನಷ್ಟ ಎರಡನ್ನೂ ತಿಳಿಸಿ ಅವನ ಜೊತೆಯೇ ತೀರ್ಮಾನಿಸಬೇಕು ಎಂಬ ವಾದಕ್ಕೆ ಅಲ್ಲಿಂದ ಬಲ ಬಂತು.

— ನಷ್ಟ ಅಂದ್ರಿ. ಒಂದು ಕೇಳ್ತೀನಿ... ಗಂಡ ಹೆಂಡತಿ ವಿಷಯದಾಗ?

— ಕೇಳಬೇಕಾದದ್ದೇ. ನಿಮಿರುವಿಕೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಮೂರರಲ್ಲಿ ಇಬ್ಬರಿಗೆ ವೀರ್ಯ ಹೊರಗೆ ಬರುವ ಬದಲು ಚೀಲದೊಳಕ್ಕೆ ಹೋಗುತ್ತದೆ. ಅದರಿಂದ ದೇಹಕ್ಕೆ ಹಾನಿಯಿಲ್ಲ, ಮಕ್ಕಳಾಗುವುದು ಮಾತ್ರ ಕಷ್ಟ. ಮೊದಲೇ ಹೇಳದಿದ್ದರೆ ಆಮೇಲೆ ಜನ ಗಾಬರಿಯಾಗುತ್ತಾರೆ, ವೈದ್ಯರು ಮೋಸ ಮಾಡಿದರು ಎಂದುಕೊಳ್ಳುತ್ತಾರೆ. ಇನ್ನೊಂದು ಸಂಗತಿ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ. ಆದರೆ ಆಪರೇಷನ್ನಿನಲ್ಲಿ ಗ್ರಂಥಿಯ ಒಳಭಾಗ ಮಾತ್ರ ಹೋಗುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವ ಹೊರಭಾಗ ಉಳಿಯುತ್ತದೆ. ಆದ್ದರಿಂದ ಮುಂದೆಯೂ ತೋರಿಸಿಕೊಳ್ಳುತ್ತಿರಬೇಕು.

— ಗದ್ದಿಗೆ ಎಂದು ಇಳೀಬಹುದು? ಹನುಮಮಾಲಿ ಹಾಕ್ಕೊಂಡವರ ಜೋಡಿ ಬೆಟ್ಟ ಹತ್ತೋದು ನನ್ನ ರೂಢಿ. 575 ಮೆಟ್ಲು.

— ಒಂದೆರಡು ದಿನದಲ್ಲಿ, ಹೆಚ್ಚೆಂದರೆ ಮೂರು ದಿನದಲ್ಲಿ ಪೈಪು ತೆಗೆಯುತ್ತಾರೆ. ಮೊದಮೊದಲು ಉರಿ, ಅವಸರ ಇದ್ದೇ ಇರುತ್ತದೆ. ಮೊದಲಿಗಿಂತ ಹೆಚ್ಚಾಯಿತಲ್ಲ ಎಂದು ಎದೆಗುಂದಬೇಡಿ. ಹತ್ತರಿಂದ ಹದಿನಾಲ್ಕನೇ ದಿನದ ಹೊತ್ತಿಗೆ ಒಳಗಿನ ಹಕ್ಕಳೆ ಉದುರಿ ಮೂತ್ರ ಕೆಂಪಾಗಬಹುದು. ನೀರು ಹೆಚ್ಚು ಕುಡಿದರೆ ತಿಳಿಯಾಗುತ್ತದೆ. ಗಡ್ಡೆ ಗಡ್ಡೆಯಾಗಿ ರಕ್ತ ಬಂದರೆ, ಮತ್ತೆ ಕಟ್ಟಿದರೆ, ಚಳಿಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆರು ವಾರ ಗೊಬ್ಬರದ ಚೀಲ ಎತ್ತುವುದು, ಬೈಕ್ ಓಡಿಸುವುದು ಬೇಡ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ಮುಕ್ಕಿದರೆ ರಕ್ತ ಬರುತ್ತದೆ. ಫಲಿತಾಂಶದ ತೀರ್ಪನ್ನು ಮೂರು ತಿಂಗಳಿಗೆ ಮೊದಲು ಕೊಡಬೇಡಿ. ಈಗ ಮಾಡಿಸಿಕೊಂಡರೆ ಡಿಸೆಂಬರಿನ ಮಾಲೆ ವಿಸರ್ಜನೆಗೆ ನಿಧಾನವಾಗಿ ಬೆಟ್ಟ ಹತ್ತಬಹುದು.

— ರೊಕ್ಕದ ಚಿಂತಿ ಒಂದೈತಿ.

— ಬಿ.ಪಿ.ಎಲ್. ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಮೊದಲು ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದ್ದನ್ನು ಕೊಪ್ಪಳದ ಮೆಡಿಕಲ್ ಕಾಲೇಜಿಗೋ, ಬಳ್ಳಾರಿಗೋ, ಹುಬ್ಬಳ್ಳಿಗೋ ಅವರೇ ಬರೆದುಕೊಡುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ್ದೇ ಆದ ನೆಫ್ರೋ-ಯೂರಾಲಜಿ ಸಂಸ್ಥೆಯೂ ಇದೆ.

— ಕಡೀ ಮಾತು ಹೇಳ್ರಿ. ನನ್ನ ಕೇಸಿನ್ಯಾಗ ನಿಮಗ ಏನನಸ್ತೈತಿ?

— ನಿಮ್ಮ ಲಕ್ಷಣ ನೋಡಿದರೆ ಒಳ್ಳೆಯ ಫಲ ಸಿಗಬೇಕು. ಶುಗರ್ ಇಲ್ಲ, ಉಳಿಯುವ ಮೂತ್ರ ಹೆಚ್ಚಿಲ್ಲ, ತೊಂದರೆ ಬಹುಪಾಲು ದಾರಿಯದ್ದು, ನಿಮಗೆ ನಿಜವಾಗಿ ಸಾಕಾಗಿದೆ. ರಾತ್ರಿ ನಾಲ್ಕು ಸಲ ಏಳುವುದು ಎರಡಕ್ಕೆ ಇಳಿಯಬಹುದು, ಪೂರ್ತಿ ನಿಲ್ಲುತ್ತದೆ ಎಂದು ನಂಬಿ ಹೋಗಬೇಡಿ. ಹರಿವಿನ ಪರೀಕ್ಷೆಯಲ್ಲಿ 10ಕ್ಕಿಂತ ಕಡಿಮೆ ಬಂದರೆ ನಾನು ಹಿಂಜರಿಯದೆ ಮಾಡಿಸಿಕೊಳ್ಳಿ ಎನ್ನುತ್ತೇನೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು ವೈದ್ಯರನ್ನು ಕೇಳಿ: ನನ್ನ ಮೂತ್ರಚೀಲ ಎಷ್ಟು ಗಟ್ಟಿಯಿದೆ, ನನ್ನ ಯಾವ ತೊಂದರೆ ಹೋಗುತ್ತದೆ, ಯಾವುದು ಉಳಿಯಬಹುದು? ಉತ್ತರ ಸಿಗುವ ತನಕ ಕೇಳಿ. ಮೂರು ದಿನದ ಬರಹ ಜೇಬಿನಲ್ಲಿರಲಿ. ಮತ್ತೆ, ಆರು ತಿಂಗಳಿಂದ ಪೈಪು ಹಾಕಿಕೊಂಡು ಅಡ್ಡಾಡುತ್ತಿರುವ ನಿಮ್ಮ ಓಣಿಯ ಆ ಹಿರಿಯರನ್ನೂ ನಿಮ್ಮ ಜೊತೆಗೇ ಗಂಗಾವತಿಗೆ ಕರೆದುಕೊಂಡು ಹೋಗಿ. ಈ ವಾರವೇ ಹೋಗಿ.